ರಷ್ಯಾದ ಅಂತರ್ಯುದ್ಧದಲ್ಲಿ ಕೆಂಪು ಸೇನೆ ಗೆದ್ದದ್ದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1917ರ ಅಕ್ಟೋಬರ್ ಕ್ರಾಂತಿಯ ನಂತರ ರಷ್ಯಾದಲ್ಲಿ ನಡೆದ ಅಂತರ್ಯುದ್ಧದಲ್ಲಿ ಬೋಲ್ಶೆವಿಕರನ್ನು (ಲೆನಿನ್ ನಾಯಕತ್ವದ ಕಮ್ಯುನಿಸ್ಟರು, ಕೆಂಪು ಸೇನೆ ಅವರದ್ದು) ವಿರೋಧಿಸಿದ ಶ್ವೇತ ಪಕ್ಷದಲ್ಲಿ ತ್ಸಾರ್ ಕಾಲದ ನುರಿತ ಸೇನಾಪತಿಗಳಿದ್ದರು. 1919ರಲ್ಲಿ ಅವರ ಪಡೆಗಳು ಪೂರ್ವದಿಂದ, ದಕ್ಷಿಣದಿಂದ, ವಾಯವ್ಯದಿಂದ ಮಾಸ್ಕೊ ಮತ್ತು ಪೆಟ್ರೊಗ್ರಾಡ್ ಕಡೆಗೆ ನುಗ್ಗಿದ್ದವು. ಇಷ್ಟಾದರೂ ಕೊನೆಗೆ ಉಳಿದವರು ಬೋಲ್ಶೆವಿಕರು. ಜನ ಅವರ ಬೆನ್ನಿಗಿದ್ದರು ಎಂದು ಕೆಲವರು, ದಮನದ ಬಲದಿಂದ ಗೆದ್ದರು ಎಂದು ಕೆಲವರು ಬರೆಯುತ್ತಾರೆ. ಯಾವುದು ಸರಿ?

ಉತ್ತರ: ನೀವು ಹೇಳಿದ ಎರಡು ಕಾರಣಗಳಲ್ಲಿ ಮೊದಲನೆಯದು ಮತಗಳ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬೋಲ್ಶೆವಿಕರು ಅಧಿಕಾರ ಹಿಡಿದ ಕೆಲವೇ ವಾರಗಳಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಅದರಲ್ಲಿ ಅವರಿಗೆ ಬಂದದ್ದು ಒಟ್ಟು ಮತಗಳ ಸುಮಾರು ಕಾಲುಭಾಗ. ಹಳ್ಳಿಗಾಡಿನ ರೈತರು ದೊಡ್ಡ ಸಂಖ್ಯೆಯಲ್ಲಿ ಒಲಿದದ್ದು ಸಮಾಜವಾದಿ ಕ್ರಾಂತಿಕಾರಿ ಪಕ್ಷಕ್ಕೆ. 1918ರ ಜನವರಿ 18ರಂದು ಸೇರಿದ ಆ ಸಭೆಯನ್ನು ಮರುದಿನವೇ ಬೋಲ್ಶೆವಿಕ್ ಸರ್ಕಾರ ಮುಚ್ಚಿಸಿತು. (ಇಲ್ಲಿನ ದಿನಾಂಕಗಳೆಲ್ಲ ಹೊಸ ಪಂಚಾಂಗದವು, ಹಳೆಯ ಪಂಚಾಂಗ ಹದಿಮೂರು ದಿನ ಹಿಂದಿದ್ದುದರಿಂದಲೇ ನವೆಂಬರ್ 7ರಂದು ನಡೆದ ಘಟನೆಗೆ ಅಕ್ಟೋಬರ್ ಕ್ರಾಂತಿ ಎಂಬ ಹೆಸರು ನಿಂತಿದೆ.) ಹಾಗಿದ್ದರೂ ಅದೇ ಚುನಾವಣೆಯಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ಆಗಿನ ರಾಜಧಾನಿ ಪೆಟ್ರೊಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಮತ್ತು ಮಾಸ್ಕೊ ನಗರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮತ, ರಾಜಧಾನಿಗೆ ಹತ್ತಿರವಿದ್ದ ಉತ್ತರ ಮತ್ತು ಪಶ್ಚಿಮ ರಣರಂಗಗಳ ಸೈನಿಕರಲ್ಲಿ ಬಹುಮತ ಬೋಲ್ಶೆವಿಕರಿಗೇ ಸಿಕ್ಕಿತ್ತು. ಅಂದರೆ ಅವರ ಬೆಂಬಲಿಗರು ದೇಶದ ತುಂಬ ಹರಡಿರಲಿಲ್ಲ. ಕಾರ್ಖಾನೆ, ರೈಲು ನಿಲ್ದಾಣ, ತಂತಿ ಕಚೇರಿ, ಸೈನಿಕ ಠಾಣೆಗಳಿದ್ದ ಕಡೆಯೇ ಒತ್ತಾಗಿ ಸೇರಿದ್ದರು.

ದಮನದ ಮಾತಿಗೆ ಬಂದರೆ, ಅದು ಇದ್ದದ್ದು ನಿಜ, ಅದರ ಪ್ರಮಾಣವೂ ಘೋರವಾದದ್ದೇ. 1917ರ ಡಿಸೆಂಬರಿನಲ್ಲಿ ಚೆಕಾ ಎಂಬ ರಹಸ್ಯ ಪೊಲೀಸ್ ಸಂಸ್ಥೆ ಹುಟ್ಟಿತು. 1918ರ ಆಗಸ್ಟ್ 30ರಂದು ಲೆನಿನ್ ಮೇಲೆ ಗುಂಡು ಹಾರಿಸಲಾಯಿತು. ಅದೇ ದಿನ ಪೆಟ್ರೊಗ್ರಾಡ್ ಚೆಕಾದ ಮುಖ್ಯಸ್ಥ ಉರಿತ್ಸ್ಕಿಯ ಕೊಲೆಯಾಯಿತು. ಒಂದು ವಾರದೊಳಗೆ ‘ಕೆಂಪು ಭಯೋತ್ಪಾದನೆ’ ಸರ್ಕಾರದ ಘೋಷಿತ ನೀತಿಯಾಯಿತು. ಆದರೆ ಶ್ವೇತರ ಕೈಯೂ ಸ್ವಚ್ಛವಾಗಿರಲಿಲ್ಲ. ಸೈಬೀರಿಯಾದಲ್ಲಿ ಶ್ವೇತ ನಾಯಕ ಕೊಲ್ಚಾಕರ ದಂಡನಾ ಪಡೆಗಳು ಹಳ್ಳಿಗಳನ್ನು ಸುಟ್ಟವು. 1919ರ ಸೆಪ್ಟೆಂಬರಿನಲ್ಲಿ ಉಕ್ರೇನಿನ ಫಾಸ್ಟೊವ್ ಪಟ್ಟಣದಲ್ಲಿ ದಕ್ಷಿಣದ ಶ್ವೇತ ಸೇನಾಪತಿ ಡೆನಿಕಿನ್ ಸೇನೆಯ ಸೈನಿಕರು ಯಹೂದಿಗಳ ಹತ್ಯಾಕಾಂಡ ನಡೆಸಿದರು. ಎರಡೂ ಕಡೆ ಇದ್ದ ಒಂದು ಆಯುಧ ಒಂದೇ ಕಡೆಯ ಗೆಲುವಿಗೆ ಮುಖ್ಯ ಕಾರಣವಾಗಲಾರದು.

ನನ್ನ ಮಟ್ಟಿಗೆ ನಿರ್ಣಾಯಕ ವ್ಯತ್ಯಾಸ ಇದು: ಬೋಲ್ಶೆವಿಕರ ಬಳಿ ಒಂದು ರಾಜ್ಯವಿತ್ತು, ಅದು ತನಗೊಂದು ಸೇನೆಯನ್ನು ಕಟ್ಟಿಕೊಂಡಿತು, ಶ್ವೇತರ ಬಳಿ ಒಳ್ಳೆಯ ಸೇನೆಗಳಿದ್ದವು, ಅವು ಕೊನೆಯವರೆಗೂ ರಾಜ್ಯವನ್ನು ಕಟ್ಟಲಿಲ್ಲ. ಈ ವ್ಯತ್ಯಾಸ ರಣರಂಗಕ್ಕಿಂತ ಹೆಚ್ಚಾಗಿ ಹಳ್ಳಿಯಲ್ಲಿ, ಜಮೀನಿನ ಪ್ರಶ್ನೆಯಲ್ಲಿ ಗೋಚರಿಸುತ್ತದೆ.

ಮೊದಲು ಭೂಗೋಳ. ಯುದ್ಧದ ಉದ್ದಕ್ಕೂ ಬೋಲ್ಶೆವಿಕರು ಬಿಟ್ಟುಕೊಡದೆ ಹಿಡಿದದ್ದು ಮಧ್ಯ ರಷ್ಯಾವನ್ನು. ಅಲ್ಲಿ ಸುಮಾರು ಆರು ಕೋಟಿ ಜನರಿದ್ದರು. ತ್ಸಾರ್ ಸೇನೆಯ ಉಗ್ರಾಣಗಳಲ್ಲಿ ಉಳಿದಿದ್ದ ಬಂದೂಕು, ಫಿರಂಗಿ, ಗುಂಡುಗಳಲ್ಲಿ ದೊಡ್ಡ ಪಾಲು ಅಲ್ಲಿತ್ತು; ತೂಲಾದ ಶಸ್ತ್ರಾಸ್ತ್ರ ಕಾರ್ಖಾನೆ ಅಲ್ಲಿತ್ತು. ದೇಶದ ರೈಲು ಹಳಿಗಳೆಲ್ಲ ಮಾಸ್ಕೊದಿಂದ ಕವಲೊಡೆದು ಹೋಗುತ್ತಿದ್ದುದರಿಂದ, ಪೂರ್ವದಲ್ಲಿ ಬಿಡುವಾದ ದಳವನ್ನು ದಕ್ಷಿಣಕ್ಕೆ ಸಾಗಿಸುವುದು ಅವರಿಗೆ ಸಾಧ್ಯವಿತ್ತು. ಶ್ವೇತರು ಅಂಚುಗಳಲ್ಲಿದ್ದರು. ಸೈಬೀರಿಯಾದ ಓಮ್ಸ್ಕ್‌ನಲ್ಲಿ ಕುಳಿತ ಕೊಲ್ಚಾಕ್, ದಕ್ಷಿಣದಲ್ಲಿದ್ದ ಡೆನಿಕಿನ್, ಎಸ್ಟೋನಿಯಾದ ಗಡಿಯಲ್ಲಿದ್ದ ಯುಡೆನಿಚ್, ಈ ಮೂವರ ನಡುವೆ ಸಾವಿರಾರು ಕಿಲೋಮೀಟರುಗಳ ಶತ್ರುಪ್ರದೇಶವಿತ್ತು. ಕೊಲ್ಚಾಕರಿಗೆ ಕಜಾನ್‌ನಲ್ಲಿ ವಶಪಡಿಸಿಕೊಂಡ ತ್ಸಾರ್ ಖಜಾನೆಯ ಚಿನ್ನವೇನೋ ದಕ್ಕಿತ್ತು. ಆದರೆ ಆ ಚಿನ್ನ ಕೊಟ್ಟು ಕೊಂಡ ಬಂದೂಕುಗಳು ವ್ಲಾಡಿವೊಸ್ಟೊಕ್ ಬಂದರಿನಿಂದ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಬರಬೇಕಿತ್ತು. ಆ ಹಳಿಯ ನಡುದಾರಿಯಲ್ಲಿ, ಚಿತಾ ನಗರದಲ್ಲಿ, ಜಪಾನಿನ ಆಶ್ರಯದಲ್ಲಿದ್ದ ಅತಮಾನ್ ಸೆಮ್ಯೊನೊವ್ ಎಂಬ ಕೊಸಾಕ್ ಮುಖಂಡ, ಹೆಸರಿಗೆ ಶ್ವೇತ ಪಕ್ಷದವನೇ ಆದರೂ, ಮನಬಂದಾಗ ರೈಲುಗಳನ್ನು ತಡೆಯುತ್ತಿದ್ದ.

ಭೂಗೋಳ ಅವಕಾಶ ಕೊಡುತ್ತದೆ, ಸೇನೆಯನ್ನು ಕೊಡುವುದಿಲ್ಲ. 1918ರ ಬೇಸಿಗೆಯಲ್ಲಿ ಬೋಲ್ಶೆವಿಕರ ಸ್ಥಿತಿ ಎಷ್ಟು ದುರ್ಬಲವಾಗಿತ್ತೆಂದರೆ, ಸೈಬೀರಿಯಾದ ಮೂಲಕ ಫ್ರಾನ್ಸಿನ ರಣರಂಗಕ್ಕೆ ಹೊರಟಿದ್ದ ಸುಮಾರು ನಲವತ್ತು ಸಾವಿರ ಜೆಕ್ ಮತ್ತು ಸ್ಲೊವಾಕ್ ಸೈನಿಕರ ಒಂದು ಪಡೆ ತಿರುಗಿಬಿದ್ದ ಕೂಡಲೇ ವೋಲ್ಗಾದಿಂದ ಪೆಸಿಫಿಕ್ ಸಾಗರದವರೆಗಿನ ರೈಲುದಾರಿ ಕೈತಪ್ಪಿತು. ಸ್ವಯಂಸೇವಕರ ಸೇನೆ, ಸೈನಿಕರೇ ಆರಿಸಿದ ಅಧಿಕಾರಿಗಳು ಎಂಬ ಕ್ರಾಂತಿಯ ಮೊದಲ ದಿನಗಳ ಆದರ್ಶ ಅಲ್ಲಿಗೆ ಮುಗಿಯಿತು. ಯುದ್ಧಖಾತೆಯ ಹೊಣೆ ಹೊತ್ತಿದ್ದ ಟ್ರಾಟ್ಸ್ಕಿ ಕಡ್ಡಾಯ ಸೇನಾಭರ್ತಿಯನ್ನು ಜಾರಿಗೆ ತಂದರು. ಅದಕ್ಕಿಂತ ಧೈರ್ಯದ ಕೆಲಸವೆಂದರೆ, ತಮ್ಮ ಪಕ್ಷದ ಒಳಗಿನ ತೀವ್ರ ವಿರೋಧವನ್ನು ಲೆಕ್ಕಿಸದೆ ತ್ಸಾರ್ ಸೇನೆಯ ಅಧಿಕಾರಿಗಳನ್ನು ಸೇರಿಸಿಕೊಂಡರು. 1920ರ ಹೊತ್ತಿಗೆ ಇಂಥ ಸುಮಾರು 48 ಸಾವಿರ ಮಂದಿ ಕೆಂಪು ಸೇನೆಯಲ್ಲಿದ್ದರು. 1919ರ ಜುಲೈಯಿಂದ ಪ್ರಧಾನ ದಂಡನಾಯಕರಾಗಿದ್ದ ಸೆರ್ಗೆಯ್ ಕಾಮೆನೆವ್ ಹಳೆಯ ಸೇನೆಯಲ್ಲಿ ಕರ್ನಲ್ ಆಗಿದ್ದವರು (ಪಕ್ಷದ ನಾಯಕ ಲೆವ್ ಕಾಮೆನೆವ್ ಬೇರೆ). ಪ್ರತಿ ಅಧಿಕಾರಿಯ ಪಕ್ಕದಲ್ಲಿ ಪಕ್ಷದ ಒಬ್ಬ ಕಮಿಸಾರ್. ಇಬ್ಬರ ರುಜು ಇಲ್ಲದೆ ಆದೇಶ ಹೊರಡುವಂತಿಲ್ಲ. ಹಲವರ ಕುಟುಂಬಗಳನ್ನು ಒತ್ತೆಯಾಳುಗಳಂತೆ ಗುರುತಿಸಿಟ್ಟುಕೊಂಡದ್ದೂ ಉಂಟು. ಶ್ವೇತ ಪಕ್ಷದಲ್ಲಿ ನುರಿತ ಸೇನಾಪತಿಗಳಿದ್ದರು ಎಂಬ ನಿಮ್ಮ ಮಾತು ಸರಿಯೇ, ಆದರೆ ಎದುರುಪಕ್ಷದಲ್ಲೂ ಅದೇ ಸೈನಿಕ ಶಾಲೆಗಳಲ್ಲಿ ಕಲಿತವರು ಬೇಕಾದಷ್ಟು ಇದ್ದರು. ಟ್ರಾಟ್ಸ್ಕಿಯವರ ಪ್ರಸಿದ್ಧ ಶಸ್ತ್ರಸಜ್ಜಿತ ರೈಲಿನ ಬಗ್ಗೆ ಬಹಳ ಬರೆಯಲಾಗಿದೆ. 1918ರ ಆಗಸ್ಟಿನಲ್ಲಿ ಕಜಾನ್ ಬಳಿಯ ಸ್ವಿಯಾಜ್ಸ್ಕ್‌ನಲ್ಲಿ ಅದು ಕುಸಿದ ಸೇನೆಯನ್ನು ನಿಲ್ಲಿಸಿದ್ದು ನಿಜ. ಯುದ್ಧವನ್ನು ಗೆದ್ದದ್ದು ಮಾತ್ರ ಆ ರೈಲಿಗಿಂತ ಹೆಚ್ಚಾಗಿ ಈ ನೀರಸ ಭರ್ತಿ ಕಚೇರಿಗಳು.

ಇನ್ನು ಜಮೀನು. ಅಧಿಕಾರ ಹಿಡಿದ ಮರುದಿನವೇ ಬೋಲ್ಶೆವಿಕರು ಹೊರಡಿಸಿದ ಭೂಮಿಯ ಆಜ್ಞೆ ಜಮೀನ್ದಾರರ ಒಡೆತನವನ್ನು ಪರಿಹಾರವಿಲ್ಲದೆ ರದ್ದುಮಾಡಿತು. ಅದರ ಬಹುಭಾಗ ಎದುರಾಳಿಗಳಾದ ಸಮಾಜವಾದಿ ಕ್ರಾಂತಿಕಾರಿಗಳ ಕಾರ್ಯಕ್ರಮದಿಂದಲೇ ಬಂದದ್ದು, ಮತ್ತು ಅದು ಹೊರಡುವ ಮೊದಲೇ ಅನೇಕ ಕಡೆ ರೈತರು ಜಮೀನುಗಳನ್ನು ಹಂಚಿಕೊಂಡಾಗಿತ್ತು. ಆಜ್ಞೆ ಕೊಟ್ಟದ್ದು ಆ ಹಂಚಿಕೆಗೆ ಕಾನೂನಿನ ಮುದ್ರೆಯನ್ನು. ಇದರಿಂದ ರೈತರು ಬೋಲ್ಶೆವಿಕರಾಗಿಬಿಟ್ಟರು ಎಂದುಕೊಳ್ಳಬಾರದು. 1918ರ ಬೇಸಿಗೆಯಿಂದ ನಗರಗಳ ಹಸಿವೆಗೆಂದು ಶಸ್ತ್ರಸಜ್ಜಿತ ತಂಡಗಳು ಹಳ್ಳಿಗೆ ಬಂದು ಧಾನ್ಯ ಹೊತ್ತುಕೊಂಡು ಹೋಗತೊಡಗಿದವು. 1919ರ ಜನವರಿಯಲ್ಲಿ ಆ ವಸೂಲಿ ದೇಶವ್ಯಾಪಿ ಪದ್ಧತಿಯಾಯಿತು. ಮಕ್ಕಳನ್ನು ಸೇನೆಗೆ ಎಳೆದರು, ಕುದುರೆಗಳನ್ನು ಒಯ್ದರು. ಹಳ್ಳಿಗಳು ದಂಗೆ ಎದ್ದವು, ಭರ್ತಿಯಾದ ಸೈನಿಕರು ಲಕ್ಷಗಟ್ಟಲೆ ಓಡಿಹೋದರು.

ಆದರೆ ಅತ್ತ ಶ್ವೇತ ಸೇನೆ ಬಂದಾಗ ಏನಾಗುತ್ತಿತ್ತು? ಅದರ ಹಿಂದೆಯೇ ಹಳೆಯ ಜಮೀನ್ದಾರನೂ ಬರುತ್ತಿದ್ದ. ಡೆನಿಕಿನ್ ಸ್ವತಃ ಜಮೀನ್ದಾರರ ಮನೆತನದವರಲ್ಲ. ಅವರ ತಂದೆ ಜೀತದಾಳಾಗಿ ಹುಟ್ಟಿ ಸೇನೆ ಸೇರಿ ಮೇಜರ್ ಹುದ್ದೆಗೆ ಏರಿದವರು. ಆದರೂ ಅವರ ಆಡಳಿತ ಜಮೀನಿನ ಪ್ರಶ್ನೆಯನ್ನು ಸಮಿತಿಗಳಿಗೆ ಒಪ್ಪಿಸಿ ಮುಂದೂಡುತ್ತ ಹೋಯಿತು. ರಷ್ಯಾದ ಭವಿಷ್ಯವನ್ನು ಯುದ್ಧ ಮುಗಿದ ಮೇಲೆ ಸೇರುವ ಸಭೆಯೇ ನಿರ್ಧರಿಸಲಿ, ಅಲ್ಲಿಯವರೆಗೆ ಯಾವುದನ್ನೂ ಮುಂಗಡವಾಗಿ ತೀರ್ಮಾನಿಸಬಾರದು ಎಂಬುದು ಅವರ ತತ್ತ್ವ. ಕಾನೂನು ಪಂಡಿತನ ದೃಷ್ಟಿಯಲ್ಲಿ ಇದು ಪ್ರಾಮಾಣಿಕ ನಿಲುವೇ ಇರಬಹುದು. ಆ ನಡುವೆ 1919ರ ಬೆಳೆಯ ಮೂರನೆಯ ಒಂದು ಪಾಲನ್ನು ಹಳೆಯ ಒಡೆಯನಿಗೆ ಸಲ್ಲಿಸಬೇಕೆಂಬ ನಿಯಮವನ್ನು ಅದೇ ಆಡಳಿತ ಹೊರಡಿಸಿತು. ತಾನು ಉತ್ತು ಬಿತ್ತಿದ ಹೊಲದಲ್ಲಿ ಒಡೆಯನ ಪಾಲಿಗೆಂದು ಧಾನ್ಯ ಅಳೆದು ಕೊಡಬೇಕಾದ ರೈತನಿಗೆ ಮುಂದೆ ಸೇರಲಿರುವ ಸಭೆಯ ಭರವಸೆ ಯಾವ ಲೆಕ್ಕಕ್ಕೆ? ರೈತನ ಪಾಲಿಗೆ ಅದು ಅತ್ತ ದರಿ ಇತ್ತ ಪುಲಿಯ ಸ್ಥಿತಿ. ಆದರೆ ಎರಡು ಅಪಾಯಗಳೂ ಸಮನಾಗಿರಲಿಲ್ಲ: ಕೆಂಪು ಪಡೆ ಒಂದು ವರ್ಷದ ಧಾನ್ಯ ಒಯ್ಯುತ್ತಿತ್ತು, ಶ್ವೇತ ಪಡೆಯ ಹಿಂದೆ ಬಂದವನು ಜಮೀನನ್ನೇ ಕೇಳುತ್ತಿದ್ದ.

1919ರ ಬೇಸಿಗೆಯ ಕೊನೆಯಲ್ಲಿ ಡೆನಿಕಿನ್ ಸೇನೆ ಉತ್ತರಕ್ಕೆ ಸಾಗಿದಂತೆ ಇದರ ಪರಿಣಾಮ ಕಾಣಿಸಿತು. ಶಿಕ್ಷೆಯಿಲ್ಲವೆಂಬ ಭರವಸೆ ಸಿಕ್ಕಿದ ಮೇಲೆ, ಕೆಂಪು ಸೇನೆಯಿಂದ ಓಡಿಹೋಗಿ ಕಾಡುಗಳಲ್ಲಿ ಅಡಗಿದ್ದ ರೈತರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಮರಳಿ ಸೇರಿದರು. ಓರೆಲ್ ಮತ್ತು ಮಾಸ್ಕೊ ಸುತ್ತಲಿನ ಪ್ರಾಂತಗಳಲ್ಲಿ ಇದು ವಿಶೇಷವಾಗಿ ನಡೆಯಿತು. ಬೆದರಿಕೆಯೂ ಅದರಲ್ಲಿ ಕೆಲಸ ಮಾಡಿತ್ತು, ಸಂದೇಹವಿಲ್ಲ. ಆದರೆ ಬರೀ ಬೆದರಿಕೆಗೆ ಮಣಿಯುವವರಾಗಿದ್ದರೆ ಅವರು ಮೊದಲೇ ಓಡಿಹೋಗುತ್ತಿರಲಿಲ್ಲ.

ಈ ವಾದಕ್ಕೆ ಇನ್ನೂ ಬಲವಾದ ಸಾಕ್ಷ್ಯ ಯುದ್ಧ ಮುಗಿಯುವಾಗಿನದು. 1920ರ ನವೆಂಬರಿನಲ್ಲಿ ಶ್ವೇತರ ಕೊನೆಯ ಸೇನಾಪತಿ ವ್ರಾಂಗೆಲ್ ಸುಮಾರು ಒಂದೂವರೆ ಲಕ್ಷ ಜನರೊಂದಿಗೆ ಕ್ರಿಮಿಯಾದಿಂದ ಹಡಗು ಹತ್ತಿದರು. ಜಮೀನ್ದಾರ ಮರಳುವ ಭಯ ಅಳಿಯುತ್ತ ಬಂದಂತೆ, ಅದೇ ರೈತರು ಬೋಲ್ಶೆವಿಕರ ವಿರುದ್ಧ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಎದ್ದರು. ತಾಂಬೊವ್ ಪ್ರಾಂತ, ಪಶ್ಚಿಮ ಸೈಬೀರಿಯಾ, ಕೊನೆಗೆ 1921ರ ಮಾರ್ಚಿನಲ್ಲಿ ಪೆಟ್ರೊಗ್ರಾಡ್ ಬಳಿಯ ಕ್ರಾನ್‌ಸ್ಟಾಟ್ ನೌಕಾನೆಲೆಯ ನಾವಿಕರು. ಆ ತಿಂಗಳೇ ಲೆನಿನ್ ಬಲವಂತದ ವಸೂಲಿಯನ್ನು ಕೈಬಿಟ್ಟು ಅದರ ಜಾಗದಲ್ಲಿ ನಿಗದಿತ ತೆರಿಗೆಯನ್ನು ತರಬೇಕಾಯಿತು. ರೈತರು ಬೋಲ್ಶೆವಿಕರನ್ನು ಗೆಲ್ಲಿಸಿದರು ಎನ್ನುವುದಕ್ಕಿಂತ, ಶ್ವೇತರು ಗೆಲ್ಲದಂತೆ ನೋಡಿಕೊಂಡರು ಎನ್ನುವುದು ಸತ್ಯಕ್ಕೆ ಹತ್ತಿರ.

ಶ್ವೇತರ ಹಿತ್ತಿಲಿನ ಕಥೆ ಇದರ ಮುಂದುವರಿಕೆಯೇ. 1919ರ ಜುಲೈ 3ರಂದು ಡೆನಿಕಿನ್ ಮಾಸ್ಕೊ ಕಡೆಗೆ ಮೂರು ದಾರಿಗಳಲ್ಲಿ ಏಕಕಾಲಕ್ಕೆ ನುಗ್ಗಲು ಆದೇಶಿಸಿದರು. ಅಕ್ಟೋಬರಿನ ಮಧ್ಯದಲ್ಲಿ ಅವರ ಪಡೆ ಓರೆಲ್ ನಗರವನ್ನು ಹಿಡಿದಾಗ ಮಾಸ್ಕೊ ಸುಮಾರು 350 ಕಿಲೋಮೀಟರ್ ದೂರವಿತ್ತು, ತೂಲಾ ಅದಕ್ಕೂ ಹತ್ತಿರ. ಸಾವಿರ ಕಿಲೋಮೀಟರಿಗೂ ಮೀರಿ ಹರಡಿದ ಆ ಸಾಲಿನ ಹಿಂದೆ ತೆರಿಗೆ ಕಟ್ಟಿಸಿಕೊಳ್ಳುವ, ನ್ಯಾಯ ಹೇಳುವ, ಸೈನಿಕರಿಗೆ ಊಟ ಕಳಿಸುವ ವ್ಯವಸ್ಥೆ ಇರಲಿಲ್ಲ. ಸೈನಿಕರು ಹಳ್ಳಿಗಳನ್ನೇ ದೋಚಿ ಬದುಕುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಉಕ್ರೇನಿನ ಅರಾಜಕತಾವಾದಿ ನಾಯಕ ನೆಸ್ಟರ್ ಮಾಖ್ನೊ ತನ್ನ ರೈತ ಪಡೆಯೊಂದಿಗೆ ಡೆನಿಕಿನ್ ಸೇನೆಯ ಹಿಂಭಾಗವನ್ನು ಸೀಳಿ ಆಜೊವ್ ಸಮುದ್ರದವರೆಗೆ ಹೋದ. ಅವನನ್ನು ತಡೆಯಲು ರಣರಂಗದಿಂದ ದಳಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕೆಲವೇ ದಿನಗಳಲ್ಲಿ ಓರೆಲ್ ಮತ್ತೆ ಕೆಂಪು ಸೇನೆಯ ಪಾಲಾಯಿತು, ಅದರ ಬೆನ್ನಿಗೆ ಕೆಂಪು ಸೇನಾಪತಿ ಬುಡ್ಯೊನ್ನಿಯ ಅಶ್ವಸೇನೆ ವೊರೊನೆಷ್ ಹಿಡಿಯಿತು. 1920ರ ಮಾರ್ಚಿಗೆ ಡೆನಿಕಿನ್ ಸೇನೆಯ ಅವಶೇಷ ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ಬಂದರಿನಲ್ಲಿ ಹಡಗುಗಳಿಗಾಗಿ ಮುಗಿಬೀಳುತ್ತಿತ್ತು.

ನೀವು ಹೇಳಿದ ಆ ಮೂರು ದಿಕ್ಕಿನ ದಾಳಿ ಏಕಕಾಲದ್ದಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಕೊಲ್ಚಾಕರ ನುಗ್ಗಾಟ 1919ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳದ್ದು. ಜೂನ್ ತಿಂಗಳಲ್ಲಿ ಕೆಂಪು ಸೇನಾಪತಿ ಫ್ರುಂಜೆಯ ಪಡೆಗಳು ಉಫಾ ನಗರವನ್ನು ಮರಳಿ ಪಡೆದಿದ್ದವು. ಡೆನಿಕಿನ್, ಯುಡೆನಿಚ್ ಇಬ್ಬರೂ ಅಕ್ಟೋಬರಿನಲ್ಲಿ ತಮ್ಮ ದಾಳಿಯ ತುದಿ ಮುಟ್ಟಿದಾಗ ಕೊಲ್ಚಾಕ್ ಆಗಲೇ ಸೈಬೀರಿಯಾದೊಳಗೆ ಹಿಂದೆ ಸರಿಯುತ್ತಿದ್ದರು.

ಪ್ರಶ್ನೆ: ವಿದೇಶಿ ಸೇನೆಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಇಳಿದಿದ್ದರೂ ಅವುಗಳ ನೆರವು ಏಕೆ ಫಲಿಸಲಿಲ್ಲ?

ಉತ್ತರ: ಇಳಿದವು, ಆದರೆ ಹೋರಾಡಲು ಬಂದದ್ದು ಕಡಿಮೆ. ಜಪಾನ್ ಕಳಿಸಿದ ಎಪ್ಪತ್ತು ಸಾವಿರದಷ್ಟು ಸೈನಿಕರು ಸೈಬೀರಿಯಾದ ಪೂರ್ವಭಾಗ ಬಿಟ್ಟು ಮುಂದೆ ಬರಲಿಲ್ಲ. ಅವರ ಗುರಿ ಬೇರೆಯೇ ಇತ್ತು. ಒಡೆಸ್ಸಾಕ್ಕೆ 1918ರ ಡಿಸೆಂಬರಿನಲ್ಲಿ ಬಂದ ಫ್ರೆಂಚರು ಮುಂದಿನ ಏಪ್ರಿಲಿನಲ್ಲಿ ಹೊರಟುಹೋದರು. ಅದೇ ತಿಂಗಳು ಅವರ ನೌಕಾಪಡೆಯಲ್ಲೇ ದಂಗೆ ಎದ್ದಿತು. ಉತ್ತರದ ಆರ್ಖಾಂಗೆಲ್ಸ್ಕ್‌ನಿಂದ ಬ್ರಿಟಿಷರು 1919ರ ಶರತ್ಕಾಲದಲ್ಲಿ ಹಿಂದಿರುಗಿದರು. ನಾಲ್ಕು ವರ್ಷ ಜರ್ಮನಿಯೊಡನೆ ಹೋರಾಡಿ ಬಸವಳಿದ ಸೈನಿಕರನ್ನು ಇನ್ನೊಂದು ಯುದ್ಧಕ್ಕೆ ಕಳಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ. ಬ್ರಿಟನ್ನಿನ ಯುದ್ಧಮಂತ್ರಿ ಚರ್ಚಿಲ್ ಎಷ್ಟೇ ಒತ್ತಾಯಿಸಿದರೂ ಪ್ರಧಾನಿ ಲಾಯ್ಡ್ ಜಾರ್ಜ್ ಒಪ್ಪಲಿಲ್ಲ. ಶಸ್ತ್ರ, ಸಮವಸ್ತ್ರ, ಟ್ಯಾಂಕುಗಳು ಡೆನಿಕಿನ್ ಕೈಸೇರಿದ್ದು ನಿಜ, ಮತ್ತು ಅವಿಲ್ಲದೆ 1919ರ ದಾಳಿಯೇ ಆಗುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ವಿದೇಶಿಯರ ಕೈಗೊಂಬೆಗಳು ಎಂಬ ಬಿರುದನ್ನು ಬೋಲ್ಶೆವಿಕರು ಪ್ರತಿ ಭಿತ್ತಿಪತ್ರದಲ್ಲೂ ಶ್ವೇತರಿಗೆ ಅಂಟಿಸಿದರು.

ನಿಜವಾಗಿ ಕೆಲಸಕ್ಕೆ ಬರಬಹುದಾಗಿದ್ದ ಮಿತ್ರರು ಹತ್ತಿರದಲ್ಲೇ ಇದ್ದರು: ಫಿನ್‌ಲ್ಯಾಂಡ್, ಎಸ್ಟೋನಿಯಾ, ಪೋಲೆಂಡ್. ಆದರೆ ಶ್ವೇತರ ಘೋಷಣೆ ‘ಅಖಂಡ, ಅವಿಭಾಜ್ಯ ರಷ್ಯಾ’ ಎಂಬುದಾಗಿತ್ತು. ಫಿನ್‌ಲ್ಯಾಂಡಿನ ಸ್ವಾತಂತ್ರ್ಯವನ್ನು ನೇರವಾಗಿ ಒಪ್ಪಲು ಕೊಲ್ಚಾಕ್ ಸಿದ್ಧರಿರಲಿಲ್ಲ; ಹೀಗಾಗಿ ಪೆಟ್ರೊಗ್ರಾಡಿಗೆ ಅತ್ಯಂತ ಸಮೀಪದಲ್ಲಿದ್ದ ಸೇನೆ ಯುಡೆನಿಚ್‌ನ ನೆರವಿಗೆ ಬರಲಿಲ್ಲ. ಡೆನಿಕಿನ್ ಗೆದ್ದರೆ ತನ್ನ ದೇಶಕ್ಕೇ ಕುತ್ತು ಎಂದು ಎಣಿಸಿದ ಪೋಲೆಂಡಿನ ಪಿಲ್ಸುಡ್ಸ್ಕಿ 1919ರ ಶರತ್ಕಾಲದಲ್ಲಿ ತಮ್ಮ ಸೇನೆಯನ್ನು ನಿಲ್ಲಿಸಿ ಬೋಲ್ಶೆವಿಕರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. ಎಸ್ಟೋನಿಯಾ 1920ರ ಫೆಬ್ರವರಿ 2ರಂದು ಸೋವಿಯತ್ ಸರ್ಕಾರದೊಡನೆ ಒಪ್ಪಂದವನ್ನೇ ಮಾಡಿಕೊಂಡಿತು. ಬೋಲ್ಶೆವಿಕರು ಕೊಟ್ಟ ಮಾನ್ಯತೆ ಎಷ್ಟು ದಿನ ಬಾಳುತ್ತದೆಂಬುದು ಬೇರೆ ಪ್ರಶ್ನೆ. ಆ ಹೊತ್ತಿಗೆ ಕೊಡಲು ಸಿದ್ಧರಿದ್ದವರು ಅವರೊಬ್ಬರೇ.

ಪ್ರಶ್ನೆ: ಹಾಗಾದರೆ ಪಕ್ಕದ ಫಿನ್‌ಲ್ಯಾಂಡಿನ ಅಂತರ್ಯುದ್ಧದಲ್ಲಿ, 1918ರಲ್ಲಿ, ಕೆಂಪು ಪಕ್ಷ ಸೋತದ್ದು ಹೇಗೆ? ಅಲ್ಲೂ ನಗರಗಳು, ಕಾರ್ಖಾನೆಗಳು ಅವರ ಕೈಯಲ್ಲೇ ಇದ್ದವಲ್ಲ?

ಉತ್ತರ: ಇದು ಒಳ್ಳೆಯ ಪ್ರಶ್ನೆ, ಏಕೆಂದರೆ ನಗರ ಯಾರ ಕೈಯಲ್ಲಿದೆಯೋ ಅವರೇ ಗೆಲ್ಲುತ್ತಾರೆ ಎಂಬ ಸುಲಭ ಸೂತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 1918ರ ಜನವರಿಯ ಕೊನೆಯಿಂದ ಮೇ ಮಧ್ಯದವರೆಗೆ ನಡೆದ ಆ ಯುದ್ಧದಲ್ಲಿ ಹೆಲ್ಸಿಂಕಿ, ಟಾಂಪೆರೆ ಸೇರಿದಂತೆ ದಕ್ಷಿಣದ ಕೈಗಾರಿಕಾ ಪ್ರದೇಶವೆಲ್ಲ ಕೆಂಪು ಪಕ್ಷದಲ್ಲಿತ್ತು. ಶ್ವೇತರ ಸೆನೆಟ್ ಪಶ್ಚಿಮ ಕರಾವಳಿಯ ವಾಸಾ ಪಟ್ಟಣಕ್ಕೆ ಹೋಗಿ ನೆಲೆಸಿತ್ತು. ಆದರೆ ರಷ್ಯಾದಲ್ಲಿ ಬೋಲ್ಶೆವಿಕರು ಮಾಡಿದ ಕೆಲಸವನ್ನು ಇಲ್ಲಿ ಶ್ವೇತರು ಮಾಡಿದರು. ತ್ಸಾರ್ ಸೇನೆಯಲ್ಲಿ ಜನರಲ್ ಆಗಿದ್ದ ಮಾನರ್‌ಹೈಮ್ ಒಬ್ಬರೇ ದಂಡನಾಯಕರಾದರು, ಕಡ್ಡಾಯ ಭರ್ತಿ ಜಾರಿಯಾಯಿತು. ಜರ್ಮನಿಯಲ್ಲಿ ತರಬೇತಿ ಪಡೆದಿದ್ದ ಸಾವಿರದಷ್ಟು ಫಿನ್ನಿಷ್ ಸೈನಿಕರು ಫೆಬ್ರವರಿಯಲ್ಲಿ ಮರಳಿ ಬಂದು ಹೊಸ ಸೇನೆಯ ಅಧಿಕಾರಿಗಳಾದರು. ಎದುರಿನ ಕೆಂಪು ಕಾವಲುಪಡೆಗೆ ಉತ್ಸಾಹವಿತ್ತು, ತರಬೇತಿ ಪಡೆದ ಅಧಿಕಾರಿಗಳಿರಲಿಲ್ಲ. ಏಪ್ರಿಲ್ 6ರಂದು ಟಾಂಪೆರೆ ಬಿತ್ತು. ಅದಕ್ಕೆ ಮೂರು ದಿನ ಮೊದಲು ಹಾಂಕೊದಲ್ಲಿ ಇಳಿದಿದ್ದ ಜರ್ಮನ್ ದಳ ಹೆಲ್ಸಿಂಕಿಯನ್ನು ವಶಪಡಿಸಿಕೊಂಡಿತು. ಜರ್ಮನರ ಪಾತ್ರ ದೊಡ್ಡದೇ, ಆದರೆ ಅತಿ ಮುಖ್ಯವಾದ ಕಾಳಗವನ್ನು ಫಿನ್ನಿಷ್ ಶ್ವೇತರೇ ಗೆದ್ದಾಗಿತ್ತು.

ಹಳ್ಳಿಯ ಸ್ಥಿತಿಯೂ ಬೇರೆಯಾಗಿತ್ತು. ಮಾನರ್‌ಹೈಮ್ ಸೇನೆಯ ತಿರುಳು ಉತ್ತರದ ಸ್ವಂತ ಜಮೀನಿನ ರೈತರದ್ದು. ಕ್ರಾಂತಿಯಿಂದ ಅವರಿಗೆ ಸಿಗಬೇಕಾದದ್ದು ಏನೂ ಇರಲಿಲ್ಲ, ಕಳೆದುಕೊಳ್ಳುವುದು ಇತ್ತು. ಗೇಣಿದಾರರಲ್ಲಿ ಹಲವರು ಕೆಂಪು ಪಕ್ಷ ಸೇರಿದರು. ಗೆದ್ದ ಮೇಲೆ ಶ್ವೇತರು ತೀರಿಸಿಕೊಂಡ ಸೇಡು ಕ್ರೂರವಾದದ್ದು: ಬಂದಿಖಾನೆ ಶಿಬಿರಗಳಲ್ಲಿ ಹಸಿವೆ ಮತ್ತು ರೋಗದಿಂದ ಹನ್ನೆರಡು ಸಾವಿರದಷ್ಟು ಜನ ಸತ್ತರು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಸರ್ಕಾರ ಗೇಣಿದಾರರು ತಾವು ಉಳುತ್ತಿದ್ದ ಭೂಮಿಯನ್ನು ಕೊಂಡುಕೊಳ್ಳಲು ಹಕ್ಕು ನೀಡುವ ಕಾನೂನನ್ನೂ ತಂದಿತು. ರಷ್ಯಾದ ಶ್ವೇತರಲ್ಲಿ ರೈತರ ಒಡೆತನವನ್ನು ಒಪ್ಪುವ ಭೂಕಾನೂನನ್ನು ಹೊರಡಿಸಿದವರು ವ್ರಾಂಗೆಲ್. ಅದು 1920ರ ಜೂನ್ ತಿಂಗಳಲ್ಲಿ. ಆಗ ಅವರ ಅಧೀನದಲ್ಲಿ ಉಳಿದಿದ್ದದ್ದು ಕ್ರಿಮಿಯಾ ಮತ್ತು ಅದರ ಉತ್ತರದ ಒಂದಿಷ್ಟು ಬಯಲು.